ವಿಡಿಯೊ ಆಟಗಳ ಉದ್ಯಮವೂ ಅದರ ವಾರ್ಷಿಕ ಮೇಳಗಳೂ

ಮಹಾಶಿವರಾತ್ರಿಯ ಕಾಲದಲ್ಲಿ ನಂದಿ ಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ರಥೋತ್ಸವವೂ ಅದರೊಡನೆ ದನಗಳ ಜಾತ್ರೆಯೂ ನಡೆದುಕೊಂಡು ಬಂದಿರುವುದು ಈ ಸೀಮೆಯವರಿಗೆಲ್ಲ ತಿಳಿದ ಸಂಗತಿ. ಎತ್ತನ್ನು ಕೊಳ್ಳಬಯಸುವ ರೈತನು ಅದರ ಹಲ್ಲನ್ನು ಎಣಿಸಿ, ಸುಳಿಯನ್ನು ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿದಲ್ಲದೆ ಹಣವನ್ನು ಹೊರತೆಗೆಯುವುದಿಲ್ಲ. ದಲ್ಲಾಳಿಯು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದಕ್ಕೂ ಎದುರಾಳಿಯ ಕೈ ಅಲ್ಲಿರಲೇಬೇಕು. ಇಂಥ ವ್ಯಾಪಾರಕ್ಕೆ ಜಾತ್ರೆ ಏಕೆ ಬೇಕೆಂದು ಯಾರೂ ಕೇಳುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ವಿಷಯವೂ ಇದೇ. ಅಲ್ಲಿ ಹರಾಜು ಈಗ ಗಣಕಯಂತ್ರದ ಮತ್ತು ಮೊಬೈಲಿನ ಮೂಲಕ ನಡೆಯುವುದಾದರೂ ನೂಲು ಬಿಚ್ಚಾಣಿಕೆದಾರರು ಗೂಡನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡುವುದನ್ನು ಬಿಟ್ಟಿಲ್ಲ.

ಈ ಲೇಖನದಲ್ಲಿ ನಾವು ವಿವೇಚಿಸಲು ಹೊರಟಿರುವುದು ಇದಕ್ಕೆ ತೀರ ಭಿನ್ನವಾದ ಒಂದು ಸರಕಿನ ಮೇಳಗಳನ್ನು. ವಿಡಿಯೊ ಆಟಕ್ಕೆ ತೂಕವಿಲ್ಲ, ಸುಳಿಯಿಲ್ಲ. ಅದು ತಂತಿಯ ಮೂಲಕ ನಿಮಿಷಗಳಲ್ಲಿ ಭೂಮಂಡಲವನ್ನು ಸುತ್ತಬಲ್ಲದು. ಮಾರುವವನು ಕ್ಯಾಲಿಫೋರ್ನಿಯದಲ್ಲಿಯೂ ಕೊಳ್ಳುವವನು ಚಿಂತಾಮಣಿಯಲ್ಲಿಯೂ ಇದ್ದುಕೊಂಡೇ ವ್ಯವಹಾರ ಮುಗಿಯುತ್ತದೆ. ಹೀಗಿದ್ದರೂ ಈ ಉದ್ಯಮದವರು ವರ್ಷವರ್ಷವೂ ಲಕ್ಷಾಂತರ ಸಂಖ್ಯೆಯಲ್ಲಿ ಒಂದೆಡೆ ನೆರೆಯುತ್ತಾರೆ. ಇದು ಏಕೆ? ಇಂಥ ಮೇಳಗಳಲ್ಲಿ ಕೆಲವು ಬೆಳೆಯುತ್ತಿರುವಾಗ ಅತ್ಯಂತ ಪ್ರಖ್ಯಾತವಾಗಿದ್ದ ಒಂದು ಮೇಳವು ೨೦೨೩ರಲ್ಲಿ ಶಾಶ್ವತವಾಗಿ ಮುಚ್ಚಿಹೋದುದೇಕೆ? ನಂದಿಯಿಂದ ಸುಮಾರು ೬೦ ಕಿಲೊಮೀಟರು ದೂರದ ಬೆಂಗಳೂರಿನಲ್ಲಿಯೂ ಇಂಥದೊಂದು ಮೇಳವು ಸರ್ಕಾರದ ಆಶ್ರಯದಲ್ಲಿ ನಡೆಯುತ್ತಿರುವುದರಿಂದ ಈ ಪ್ರಶ್ನೆ ನಮ್ಮ ಕಾಲೇಜುಗಳಿಗೂ ಸಂಬಂಧಿಸಿದ್ದೇ ಆಗಿದೆ.

ಮೊದಲು ಶಬ್ದದ ವಿಷಯದಲ್ಲಿ ಒಂದು ಮಾತು. ನಮ್ಮ ವೃತ್ತಪತ್ರಿಕೆಗಳಲ್ಲಿ ‘ಗೇಮಿಂಗ್’ ಎಂಬ ಒಂದೇ ಪದವು ಎರಡು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗಿ ಬಹಳ ಗೊಂದಲವನ್ನುಂಟುಮಾಡಿದೆ. ಹಣವನ್ನು ಪಣವಾಗಿಟ್ಟು ಆಡುವ ಇಸ್ಪೀಟು ಮೊದಲಾದ ಆನ್‌ಲೈನ್ ಆಟಗಳು ಒಂದು ಬಗೆ. ಇವನ್ನು ತಡೆಯಲು ಕರ್ನಾಟಕವು ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ಬಳಿಕ ೨೦೨೫ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಶಾಸನ ಮಾಡಿ ಹಣದ ಆಟಗಳನ್ನು ನಿಷೇಧಿಸಿತು. ಚಿತ್ರ, ಕಥೆ, ಸಂಗೀತ, ಗಣಿತಗಳನ್ನು ಕೂಡಿಸಿ ಕಟ್ಟುವ ವಿಡಿಯೊ ಆಟವು ಇನ್ನೊಂದು ಬಗೆ. ನಮ್ಮ ವಿಷಯ ಈ ಎರಡನೆಯದು ಮಾತ್ರ. ತಂದೆತಾಯಿಗಳು ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ವಿದ್ಯಾರ್ಥಿಗಳಿಗೆ ಆಗುವ ತೊಂದರೆ ಅಧ್ಯಾಪಕರಿಗೆ ತಿಳಿಯದುದಲ್ಲ.

ಈಗ ಮೇಳಗಳ ಇತಿಹಾಸಕ್ಕೆ ಬರೋಣ. ೧೯೯೫ಕ್ಕೆ ಮೊದಲು ಅಮೆರಿಕದ ವಿಡಿಯೊ ಆಟದ ಕಂಪೆನಿಗಳಿಗೆ ಸ್ವಂತ ಮೇಳವೆಂಬುದು ಇರಲಿಲ್ಲ. ರೇಡಿಯೊ, ಟೆಲಿವಿಷನ್ ಮೊದಲಾದ ಗೃಹೋಪಯೋಗಿ ಯಂತ್ರಗಳ ದೊಡ್ಡ ವಾರ್ಷಿಕ ಪ್ರದರ್ಶನದಲ್ಲಿಯೇ ಅವುಗಳಿಗೂ ಒಂದು ಮೂಲೆ ದೊರೆಯುತ್ತಿದ್ದಿತು. ಒಮ್ಮೊಮ್ಮೆ ಮುಖ್ಯಭವನದ ಹೊರಗಿನ ಡೇರೆಯೇ ಗತಿಯಾಗುತ್ತಿದ್ದಿತು. ತಮ್ಮ ವ್ಯಾಪಾರವು ಆಟಿಕೆಯ ವ್ಯಾಪಾರಕ್ಕಿಂತ ದೊಡ್ಡದೆಂಬ ಅಭಿಮಾನವುಳ್ಳ ಕಂಪೆನಿಗಳಿಗೆ ಇದು ಸಹಿಸದಾಯಿತು. ಇದೇ ಸಮಯದಲ್ಲಿ ಇನ್ನೊಂದು ಕಾರಣವೂ ಕೂಡಿಬಂದಿತು. ಆಟಗಳಲ್ಲಿಯ ಹಿಂಸೆಯನ್ನು ಕುರಿತು ೧೯೯೩ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ವಿಚಾರಣೆ ನಡೆದಾಗ, ಸರ್ಕಾರದ ಮುಂದೆ ಒಕ್ಕೊರಲಿನಿಂದ ಮಾತನಾಡಲು ಕಂಪೆನಿಗಳು ೧೯೯೪ರಲ್ಲಿ ಒಂದು ಸಂಘವನ್ನು ಸ್ಥಾಪಿಸಿಕೊಂಡವು. ಆ ಸಂಘದ ಆಶ್ರಯದಲ್ಲಿ ೧೯೯೫ರ ಮೇ ೧೧ರಿಂದ ೧೩ರವರೆಗೆ ಲಾಸ್ ಏಂಜಲಿಸ್ ನಗರದಲ್ಲಿ ನಡೆದುದೇ ‘ಇ ತ್ರೀ’ ಎಂದು ಹೆಸರಾದ ಮೇಳದ ಮೊದಲ ಅಧಿವೇಶನ.

ಆ ಮೊದಲನೆಯ ವರ್ಷದಲ್ಲಿಯೇ ನಡೆದ ಒಂದು ಪ್ರಸಂಗವು ಆ ಮೇಳದ ಸ್ವಭಾವವನ್ನೆಲ್ಲ ತಿಳಿಸುವಂತಿದೆ. ಜಪಾನಿನ ಸೆಗಾ ಕಂಪೆನಿಯು ತನ್ನ ‘ಸ್ಯಾಟರ್ನ್’ ಯಂತ್ರವು ೩೯೯ ಡಾಲರುಗಳ ಬೆಲೆಯಲ್ಲಿ ಅಂದಿನಿಂದಲೇ ಆಯ್ದ ಅಂಗಡಿಗಳಲ್ಲಿ ದೊರೆಯುವುದೆಂದು ಸಭೆಯಲ್ಲಿ ಸಾರಿತು. ಎಲ್ಲರೂ ಬೆರಗಾದರು. ಕೆಲಹೊತ್ತಿನ ಬಳಿಕ ಸೋನಿ ಕಂಪೆನಿಯ ಸರದಿ ಬಂದಾಗ ಅದರ ಅಧಿಕಾರಿ ಸ್ಟೀವ್ ರೇಸ್ ಅವರು ವೇದಿಕೆಯನ್ನೇರಿ ‘೨೯೯’ ಎಂಬ ಸಂಖ್ಯೆಯನ್ನು ಮಾತ್ರ ಉಚ್ಚರಿಸಿ ಕೆಳಗಿಳಿದರು. ಅದು ‘ಪ್ಲೇಸ್ಟೇಷನ್’ ಯಂತ್ರದ ಬೆಲೆ. ಸಭೆ ಕರತಾಡನದಿಂದ ತುಂಬಿತು. ಇತ್ತ ಸೆಗಾದ ಆಯ್ಕೆಗೆ ಸಿಕ್ಕದ ಅಂಗಡಿಯವರು ಕುಪಿತರಾದರು. ಅವರಲ್ಲಿ ಕೆಲವರು ಆ ಕಂಪೆನಿಯ ಸರಕನ್ನೇ ಇಡುವುದಿಲ್ಲವೆಂದು ಹಟ ಹಿಡಿದರು. ಒಂದು ದಿನದ ಘೋಷಣೆಗಳಲ್ಲಿ ಎರಡು ಯಂತ್ರಗಳ ಭಾಗ್ಯವೇ ನಿರ್ಣಯವಾಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಅಂಗಡಿಯವರು, ಪತ್ರಕರ್ತರು, ಪ್ರತಿಸ್ಪರ್ಧಿಗಳು ಎಲ್ಲರೂ ಒಂದೇ ಸೂರಿನಡಿಯಲ್ಲಿದ್ದುದರಿಂದಲೇ ಆ ಘೋಷಣೆಗೆ ಅಷ್ಟು ಬಲ ಬಂದಿತೆಂಬುದು ನಿಜ.

ಇಲ್ಲಿ ಗಮನಿಸಬೇಕಾದುದೇನೆಂದರೆ, ‘ಇ ತ್ರೀ’ ಹುಟ್ಟಿದುದು ಅಂಗಡಿಯವರಿಗಾಗಿ. ಆಗ ಆಟವು ಪೆಟ್ಟಿಗೆಯಲ್ಲಿ ಬರುತ್ತಿದ್ದಿತು. ಯುಗಾದಿ ದೀಪಾವಳಿಗಳಿಗೆ ಜವಳಿ ವರ್ತಕನು ತಿಂಗಳುಗಳ ಮುಂಚೆ ಸರಕು ಗೊತ್ತುಮಾಡಿಕೊಳ್ಳುವಂತೆ, ಕ್ರಿಸ್ಮಸ್ ಕಾಲಕ್ಕೆ ಯಾವ ಪೆಟ್ಟಿಗೆ ಎಷ್ಟು ಬೇಕೆಂದು ಅಂಗಡಿಯವನು ಬೇಸಗೆಯಲ್ಲಿಯೇ ನಿರ್ಧರಿಸಬೇಕಾಗಿದ್ದಿತು. ಸುದ್ದಿಯನ್ನು ಓದುಗರಿಗೆ ಮುಟ್ಟಿಸಲು ಮಾಸಪತ್ರಿಕೆಗಳಲ್ಲದೆ ಬೇರೆ ದಾರಿಯಿರಲಿಲ್ಲ. ಪೆಟ್ಟಿಗೆ, ಅಂಗಡಿ, ಮಾಸಪತ್ರಿಕೆ ಎಂಬ ಮೂರು ಕಂಬಗಳ ಮೇಲೆ ನಿಂತ ಚಪ್ಪರ ಅದು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಈ ಕಂಬಗಳು ಒಂದೊಂದಾಗಿ ಕುಸಿದವು.

೨೦೦೫ರ ಅಧಿವೇಶನಕ್ಕೆ ಸುಮಾರು ೭೦,೦೦೦ ಜನ ಬಂದಿದ್ದರು. ಆದರೆ ಮಳಿಗೆಗಳ ವೆಚ್ಚವು ಮಿತಿಮೀರಿದುದರಿಂದ ದೊಡ್ಡ ಕಂಪೆನಿಗಳೇ ಗೊಣಗತೊಡಗಿದವು. ಅವರ ಮಾತಿಗೆ ಮಣಿದು ೨೦೦೭ರಲ್ಲಿ ಮೇಳವನ್ನು ಆಹ್ವಾನಿತರಿಗೆ ಮಾತ್ರ ಮೀಸಲಾದ ಒಂದು ಚಿಕ್ಕ ಗೋಷ್ಠಿಯಾಗಿ ಕುಗ್ಗಿಸಲಾಯಿತು. ೨೦೦೮ರಲ್ಲಿ ಬಂದವರು ಸುಮಾರು ೫,೦೦೦ ಮಾತ್ರ. ಮೇಳವೆಂದ ಮೇಲೆ ಗದ್ದಲವಿರಬೇಕು. ಗದ್ದಲವಿಲ್ಲದ ಮೇಳದಿಂದ ಸುದ್ದಿಯೂ ಹುಟ್ಟಲಿಲ್ಲ. ೨೦೦೯ರಲ್ಲಿ ಹಳೆಯ ರೂಪಕ್ಕೇ ಮರಳಿದರು. ಅಷ್ಟರಲ್ಲಿ ಕಾಲ ಬದಲಾಗಿದ್ದಿತು. ನಿಂಟೆಂಡೊ ಕಂಪೆನಿಯು ೨೦೧೧ರಲ್ಲಿ ತನ್ನ ಘೋಷಣೆಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಪ್ರೇಕ್ಷಕರಿಗೇ ತೋರಿಸುವ ಪದ್ಧತಿಯನ್ನು ಆರಂಭಿಸಿ, ೨೦೧೩ರಿಂದ ‘ಇ ತ್ರೀ’ಯಲ್ಲಿ ದೊಡ್ಡ ಪತ್ರಿಕಾಗೋಷ್ಠಿ ನಡೆಸುವುದನ್ನು ಬಿಟ್ಟಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯು ೨೦೧೬ರಲ್ಲಿ ಮಳಿಗೆ ಹಾಕದೆ ಪಕ್ಕದಲ್ಲಿಯೇ ತನ್ನದೊಂದು ಬೇರೆ ಉತ್ಸವ ಮಾಡಿಕೊಂಡಿತು. ೨೦೧೭ರಲ್ಲಿ ಸಾಮಾನ್ಯ ಜನರಿಗೆ ೧೫,೦೦೦ ಟಿಕೆಟುಗಳನ್ನು ಮಾರಿ ಹೊಸ ಜೀವ ತುಂಬುವ ಪ್ರಯತ್ನವೂ ಆಯಿತು. ಆದರೆ ವರ್ತಕರಿಗೆಂದು ಕಟ್ಟಿದ ಭವನದಲ್ಲಿ ಆಡಲು ಬಂದ ಹುಡುಗರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬೇಸತ್ತರು, ಇವರ ನಡುವೆ ವರ್ತಕರಿಗೂ ಕೆಲಸ ಸಾಗಲಿಲ್ಲ. ೨೦೧೯ರಲ್ಲಿ ಸೋನಿಯೂ ಬರಲಿಲ್ಲ. ಮಾರನೆಯ ವರ್ಷ ಕೋವಿಡ್ ವ್ಯಾಧಿಯಿಂದ ಅಧಿವೇಶನ ರದ್ದಾಯಿತು. ೨೦೨೧ರಲ್ಲಿ ಅಂತರ್ಜಾಲದಲ್ಲಿ ಮಾತ್ರ ನಡೆಯಿತು. ೨೦೨೨ ಮತ್ತು ೨೦೨೩ರಲ್ಲಿ ನಡೆಯಲೇ ಇಲ್ಲ. ೨೦೨೩ರ ಡಿಸೆಂಬರ್ ೧೨ರಂದು ಸಂಘವು ಮೇಳವನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿತು.

ವ್ಯಾಧಿಯೇ ಇದಕ್ಕೆ ಕಾರಣವೆಂದು ಹೇಳುವವರುಂಟು. ನಾವು ಇದನ್ನು ಒಪ್ಪಲಾರೆವು. ಅದೇ ವ್ಯಾಧಿಯನ್ನು ದಾಟಿ ಬೇರೆ ಮೇಳಗಳು ಉಳಿದುಕೊಂಡಿವೆ. ‘ಇ ತ್ರೀ’ಯ ಮುಖ್ಯ ಕೆಲಸವು ಸರಕನ್ನು ತೋರಿಸುವುದು, ತೋರಿಸುವ ಕೆಲಸವನ್ನು ತಂತಿಯೇ ಮಾಡಬಲ್ಲದೆಂದು ಗೊತ್ತಾದ ಮೇಲೆ ಅದು ಯಾರಿಗಾಗಿ ನಡೆಯಬೇಕೆಂಬುದಕ್ಕೆ ಉತ್ತರವಿಲ್ಲದೆ ಹೋಯಿತು.

ಉಳಿದುಕೊಂಡ ಮೇಳಗಳಲ್ಲಿ ಮೊದಲು ಹೆಸರಿಸಬೇಕಾದುದು ಆಟ ಕಟ್ಟುವವರ ಸಮ್ಮೇಳನವನ್ನು. ಇದರ ಆರಂಭವು ಬಹಳ ಸಣ್ಣದು. ಕ್ರಿಸ್ ಕ್ರಾಫರ್ಡ್ ಎಂಬ ವಿನ್ಯಾಸಕಾರರು ಆಟದ ರಚನೆಯನ್ನು ಕುರಿತು ಒಂದು ಚಿಕ್ಕ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ೧೯೮೮ರಲ್ಲಿ ಅವರು ಕ್ಯಾಲಿಫೋರ್ನಿಯದ ಸಾನ್ ಹೋಸೆಯ ತಮ್ಮ ಮನೆಗೆ ಸಮಾನವೃತ್ತಿಯವರನ್ನು ಆಹ್ವಾನಿಸಿದರು. ಸುಮಾರು ೨೭ ಜನ ಬಂದು ನಡುಮನೆಯಲ್ಲಿ ಕುಳಿತು ದಿನವಿಡೀ ತಮ್ಮ ಕಸುಬಿನ ಮಾತನ್ನಾಡಿದರು. ಅಂದಿನವರೆಗೆ ಅವರಲ್ಲಿ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುವ ಮಾರ್ಗವೇ ಇರಲಿಲ್ಲ. ಅದೇ ವರ್ಷದಲ್ಲಿ ಹೋಟೆಲೊಂದರಲ್ಲಿ ಎರಡನೆಯ ಸಭೆ ಸೇರಬೇಕಾಯಿತು. ಇಂದು ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ವಸಂತಕಾಲದಲ್ಲಿ ನಡೆಯುವ ಈ ಸಮ್ಮೇಳನಕ್ಕೆ ೨೦೨೪ರಲ್ಲಿ ಸುಮಾರು ೩೦,೦೦೦ ಜನ ಬಂದಿದ್ದರು.

ಈ ಸಮ್ಮೇಳನದಲ್ಲಿ ಬೆಳೆದುಬಂದ ಒಂದು ಸತ್ಸಂಪ್ರದಾಯವನ್ನು ವಿಶೇಷವಾಗಿ ಹೇಳಬೇಕು. ಆಟವೊಂದು ಮುಗಿದು ಮಾರಾಟಕ್ಕೆ ಹೋದ ಮೇಲೆ ಅದನ್ನು ಕಟ್ಟಿದವರೇ ವೇದಿಕೆಗೆ ಬಂದು, ಎಲ್ಲಿ ಗೆದ್ದೆವು, ಎಲ್ಲಿ ಎಡವಿದೆವು, ಯಾವ ಲೆಕ್ಕ ತಪ್ಪಿತು, ಎಷ್ಟು ತಿಂಗಳು ವ್ಯರ್ಥವಾಯಿತು ಎಂಬುದನ್ನು ಬಿಚ್ಚಿ ಹೇಳುತ್ತಾರೆ. ವೈದ್ಯರು ಶವಪರೀಕ್ಷೆಗೆ ಬಳಸುವ ಹೆಸರನ್ನೇ ಅವರು ಇದಕ್ಕೂ ಬಳಸುತ್ತಾರೆ. ಪ್ರತಿಸ್ಪರ್ಧಿಗಳ ಮುಂದೆ ತಮ್ಮ ಸೋಲನ್ನು ಹೀಗೆ ತೆರೆದಿಡುವುದು ವ್ಯಾಪಾರದ ದೃಷ್ಟಿಯಿಂದ ಹುಚ್ಚೆನಿಸಬಹುದು. ಆದರೆ ಕಸುಬಿನ ಜ್ಞಾನವು ಹೆಚ್ಚು ಭಾಗ ಪುಸ್ತಕದಲ್ಲಿಲ್ಲದ, ತಂತ್ರವು ವರ್ಷವರ್ಷಕ್ಕೆ ಬದಲಾಗುವ ಉದ್ಯಮದಲ್ಲಿ ಕಲಿಯಲು ಬೇರೆ ಶಾಲೆಯಿಲ್ಲ. ಈ ಉಪನ್ಯಾಸಗಳಲ್ಲಿ ಅನೇಕವನ್ನು ಸಮ್ಮೇಳನದವರು ಅಂತರ್ಜಾಲದ ಭಂಡಾರದಲ್ಲಿ ಉಚಿತವಾಗಿ ನೋಡಲು ಬಿಟ್ಟಿರುವರು. ಹಾಗಾದರೆ ಅಲ್ಲಿಗೆ ಹೋಗುವುದೇಕೆ? ಪ್ರವೇಶಪತ್ರದ ಬೆಲೆಯೇ ಸಾವಿರಾರು ಡಾಲರುಗಳವರೆಗೆ ಏರುತ್ತದೆ. ಹೋದವರು ಹೇಳುವ ಉತ್ತರ ಸರಳ: ಉಪನ್ಯಾಸ ಮುಗಿದ ಮೇಲೆ ಹೊರಗಿನ ಹಜಾರದಲ್ಲಿ ಉಪನ್ಯಾಸಕರನ್ನು ತಡೆದು ಕೇಳುವ ಪ್ರಶ್ನೆಗೆ ದೊರೆಯುವ ಉತ್ತರವು ಭಂಡಾರದಲ್ಲಿ ಸಿಕ್ಕುವುದಿಲ್ಲ. ಸ್ವತಂತ್ರರಾಗಿ ಆಟ ಕಟ್ಟುವ ಬಡ ತಂಡಗಳಿಗೆ ಪ್ರಕಾಶಕರು ಎದುರಾಗುವುದೂ ಅಲ್ಲಿಯೇ. ಇಂಥವರ ಆಟಗಳಿಗಾಗಿಯೇ ೧೯೯೯ರಿಂದ ಅಲ್ಲಿ ಒಂದು ಸ್ಪರ್ಧೆಯೂ ಬಹುಮಾನಗಳೂ ಇವೆ.

ಮೂರನೆಯ ಬಗೆಯವು ಜನರ ಉತ್ಸವಗಳು. ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ೨೦೦೨ರಿಂದ ೨೦೦೮ರವರೆಗೆ ನಡೆದ ಮೇಳದ ಉತ್ತರಾಧಿಕಾರಿಯಾಗಿ ೨೦೦೯ರಲ್ಲಿ ಕಲೋನ್ ನಗರದಲ್ಲಿ ‘ಗೇಮ್ಸ್‌ಕಾಮ್’ ಆರಂಭವಾಯಿತು. ೨೦೨೪ರಲ್ಲಿ ೩,೩೫,೦೦೦, ೨೦೨೫ರಲ್ಲಿ ೩,೫೭,೦೦೦ ಜನ ಅದನ್ನು ನೋಡಿದರು. ಅದರ ವ್ಯವಸ್ಥೆಯಲ್ಲಿ ನಮಗೆ ಮೆಚ್ಚಿಗೆಯಾದುದು ಒಂದು ಗೋಡೆ: ವ್ಯಾಪಾರದ ಮಾತುಕತೆಗಳು ನಡೆಯುವ ಭವನಗಳು ಬೇರೆ, ಜನರು ಆಡುವ ಭವನಗಳು ಬೇರೆ. ವಲ್ಲಿಯ ಮರೆಯ ಬೆರಳಿನ ವ್ಯಾಪಾರಕ್ಕೆ ಅಲ್ಲಿ ಸದ್ದಿಲ್ಲದ ಕೊಠಡಿಗಳಿವೆ. ಗದ್ದಲಕ್ಕೆ ವಿಶಾಲವಾದ ಅಂಗಳಗಳಿವೆ. ೧೯೯೬ರಲ್ಲಿ ಆರಂಭವಾದ ಟೋಕಿಯೊ ಮೇಳವು ಇದೇ ವಿವೇಕವನ್ನು ದಿನಗಳ ಹಂಚಿಕೆಯಿಂದ ಸಾಧಿಸಿದೆ. ಮೊದಲ ದಿನಗಳು ವ್ಯವಹಾರದವರಿಗೆ, ಕೊನೆಯ ದಿನಗಳು ಸಾರ್ವಜನಿಕರಿಗೆ. ೨೦೨೪ರ ನಾಲ್ಕು ದಿನಗಳಲ್ಲಿ ಅಲ್ಲಿಗೆ ಬಂದವರು ೨,೭೪,೭೩೯. ಅಮೆರಿಕದಲ್ಲಿ ೨೦೦೪ರಿಂದ ನಡೆಯುತ್ತಿರುವ ‘ಪ್ಯಾಕ್ಸ್’, ಚೀನದ ಶಾಂಘೈ, ಕೊರಿಯದ ಬೂಸಾನ್ ನಗರಗಳ ಮೇಳಗಳು ಹೆಚ್ಚುಕಡಿಮೆ ಇದೇ ಜಾತಿಯವು; ಅವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಜನರು ಆಡಲೆಂದು, ತಮ್ಮಂಥವರನ್ನೇ ನೋಡಲೆಂದು, ಪ್ರಿಯಪಾತ್ರಗಳ ವೇಷ ಧರಿಸಲೆಂದು ಅಲ್ಲಿಗೆ ಹೋಗುತ್ತಾರೆ. ರಥವನ್ನು ದೂರದರ್ಶನದಲ್ಲಿ ತೋರಿಸಿದರೂ ತೇರಿಗೆ ಹೋಗುವವರ ಸಂಖ್ಯೆ ಕುಗ್ಗುವುದಿಲ್ಲವಷ್ಟೆ.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ವಿಷಯವನ್ನು ನೋಡಬೇಕು. ಈ ಉದ್ಯಮವು ಇಲ್ಲಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದ ಆಟದ ಉದ್ಯಮದ ಆದ್ಯ ಸಂಸ್ಥೆಗಳಲ್ಲಿ ಅದೊಂದು. ಸ್ವಂತ ಆಟಗಳಿಗಿಂತ ಹೆಚ್ಚಾಗಿ ವಿದೇಶೀ ಆಟಗಳಿಗೆ ಬೇಕಾದ ಕಾರುಗಳು, ಕಟ್ಟಡಗಳು, ಪಾತ್ರಗಳು ಇವನ್ನು ಗುತ್ತಿಗೆಯ ಮೇಲೆ ರಚಿಸಿಕೊಡುವುದರಲ್ಲಿ ಅದು ಖ್ಯಾತಿ ಪಡೆಯಿತು. ೨೦೧೭ರಲ್ಲಿ ಅದನ್ನು ಸ್ವೀಡನ್ನಿನ ಕಂಪೆನಿಯೊಂದು ಕೊಂಡಿತು. ೨೦೧೯ರಲ್ಲಿ ೭೯ ಲಕ್ಷ ಡಾಲರುಗಳಿಗೆ ಅಮೆರಿಕದ ರಾಕ್‌ಸ್ಟಾರ್ ಕಂಪೆನಿಯ ಪಾಲಾಗಿ, ಆ ಕಂಪೆನಿಯು ೨೦೧೬ರಲ್ಲಿಯೇ ಬೆಂಗಳೂರಿನಲ್ಲಿ ತೆರೆದಿದ್ದ ಶಾಖೆಯೊಡನೆ ಸೇರಿಹೋಯಿತು. ಪ್ರಪಂಚದ ಅತ್ಯಂತ ಪ್ರಸಿದ್ಧ ಆಟಗಳಲ್ಲಿ ಬೆಂಗಳೂರಿನ ಕೈವಾಡವುಂಟು, ಆದರೆ ಬೆಂಗಳೂರಿನ ಹೆಸರಿಲ್ಲ ಎಂಬುದು ಈ ಕಥೆಯ ತಾತ್ಪರ್ಯ.

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ಅನಿಮೇಷನ್, ದೃಶ್ಯಪರಿಣಾಮ, ಆಟ, ಚಿತ್ರಕಥೆ ಈ ನಾಲ್ಕನ್ನೂ ಒಂದೇ ಗುಂಪಾಗಿ ಪರಿಗಣಿಸಿ ೨೦೧೨ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ಮೊದಲನೆಯ ರಾಜ್ಯ ಕರ್ನಾಟಕ. ೨೦೨೧ರಲ್ಲಿ ಮಹದೇವಪುರದಲ್ಲಿ ಈ ವಿದ್ಯೆಗಳ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಲಾಯಿತು. ೨೦೨೪ರಲ್ಲಿ ಪ್ರಕಟವಾದ ಮೂರನೆಯ ನೀತಿಯು ೨೦೨೯ರವರೆಗಿನ ಐದು ವರ್ಷಗಳಲ್ಲಿ ಸುಮಾರು ೩೦,೦೦೦ ಹೊಸ ಉದ್ಯೋಗಗಳನ್ನು ಗುರಿಯಾಗಿಟ್ಟುಕೊಂಡಿದೆ. ಈ ನೀತಿಯು ಹೊರಬಂದುದು ‘ಗಾಫೆಕ್ಸ್’ ಎಂಬ ವಾರ್ಷಿಕ ಮೇಳದ ವೇದಿಕೆಯಲ್ಲಿ. ಅನಿಮೇಷನ್ ಉದ್ಯಮಿಗಳ ‘ಅಬಾಯ್’ ಎಂಬ ಸಂಘವೂ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯೂ ಕೂಡಿ ಬೆಂಗಳೂರಿನಲ್ಲಿ ಈ ಮೇಳವನ್ನು ನಡೆಸುತ್ತವೆ. ಉಪನ್ಯಾಸಗಳು, ಮಳಿಗೆಗಳು, ಆಟದ ಪಂದ್ಯಗಳು, ವೇಷಸ್ಪರ್ಧೆ, ಉದ್ಯೋಗ ಸಂದರ್ಶನ ಎಲ್ಲವೂ ಅಲ್ಲಿ ಮೂರು ದಿನಗಳಲ್ಲಿ ಅಡಕವಾಗಿರುತ್ತವೆ. ದೇಶದಲ್ಲಿ ಇದಕ್ಕೆ ಜೊತೆಗಾರರಿಲ್ಲದೆ ಇಲ್ಲ. ಆಟ ಕಟ್ಟುವವರ ಅಖಿಲ ಭಾರತ ಸಮ್ಮೇಳನವು ೨೦೨೨ರಿಂದ ೨೦೨೪ರವರೆಗೆ ಹೈದರಾಬಾದಿನಲ್ಲಿ ನಡೆಯಿತು. ಕೇಂದ್ರ ಸರ್ಕಾರವು ೨೦೨೫ರ ಮೇ ತಿಂಗಳ ಮೊದಲ ವಾರದಲ್ಲಿ ಮುಂಬಯಿಯಲ್ಲಿ ‘ವೇವ್ಸ್’ ಎಂಬ ಮಹಾಸಮ್ಮೇಳನವನ್ನೇ ಏರ್ಪಡಿಸಿತ್ತು.

ಬೆಂಗಳೂರಿನ ಮೇಳದಲ್ಲಿ ಮೂರು ಬಗೆಗಳೂ ಬೆರೆತಿವೆ. ಅದು ವ್ಯಾಪಾರವೂ ಹೌದು, ಕಸುಬುದಾರರ ಗೋಷ್ಠಿಯೂ ಹೌದು, ಹುಡುಗರ ಹಬ್ಬವೂ ಹೌದು. ‘ಇ ತ್ರೀ’ಯ ಚರಿತ್ರೆಯನ್ನು ಓದಿದವರಿಗೆ ಈ ಬೆರಕೆಯು ಸ್ವಲ್ಪ ಆತಂಕವನ್ನುಂಟುಮಾಡದಿರದು. ಆದರೆ ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವ ಪ್ರಶ್ನೆಯೊಂದಿದೆ. ಗುತ್ತಿಗೆಯ ಕೆಲಸವು ಸಂಬಳ ಕೊಡುತ್ತದೆ, ಕೈಯನ್ನು ಪಳಗಿಸುತ್ತದೆ. ಆದರೆ ಕೆಲಸ ಕೊಡುವವನ ಮನೆ ಕುಸಿದರೆ ಕೆಲಸ ಮಾಡುವವನ ಸೂರೂ ಕುಸಿಯುತ್ತದೆ. ೨೦೨೫ರ ಫೆಬ್ರವರಿಯಲ್ಲಿ ಯೂರೋಪಿನ ಟೆಕ್ನಿಕಲರ್ ಕಂಪೆನಿ ದಿವಾಳಿಯೆದ್ದಾಗ ಅದರ ಬೆಂಗಳೂರಿನ ದೃಶ್ಯಪರಿಣಾಮ ಶಾಲೆಗಳು ಒಮ್ಮೆಗೇ ಬಾಗಿಲು ಮುಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರ ಕುಶಲತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇಲ್ಲಿ ಹುಟ್ಟಿ ಇಲ್ಲಿಯವರ ಒಡೆತನದಲ್ಲಿಯೇ ಉಳಿಯುವ ಕೃತಿಗಳು ಹೆಚ್ಚುವವರೆಗೆ ಈ ಅಪಾಯ ತಪ್ಪದು. ಮೇಳವು ಗುತ್ತಿಗೆದಾರರನ್ನೂ ಗುತ್ತಿಗೆ ಕೊಡುವವರನ್ನೂ ಕೂಡಿಸಿ ಕೈತೊಳೆದುಕೊಳ್ಳುವುದೋ ಅಥವಾ ಕೃತಿಕಾರರನ್ನು ಕೃತಿಕಾರರೊಡನೆ ಕೂಡಿಸುವುದೋ ಎಂಬುದೇ ಆ ಪ್ರಶ್ನೆ.

ಇಲ್ಲಿ ನಮ್ಮ ನೆಲದ ಹಳೆಯ ದೃಷ್ಟಾಂತವೊಂದು ನೆನಪಿಗೆ ಬರುತ್ತದೆ. ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ೧೯೧೧ರಲ್ಲಿ ‘ಮೈಸೂರು ಸಂಪದಭ್ಯುದಯ ಸಮಾಜ’ವು ಸ್ಥಾಪಿತವಾಯಿತು. ಅಧಿಕಾರಿಗಳೂ ವರ್ತಕರೂ ವಿದ್ವಾಂಸರೂ ಒಕ್ಕಲುತನದವರೂ ಅದರಲ್ಲಿ ಒಟ್ಟಿಗೆ ಕುಳಿತು ಸಂಸ್ಥಾನದ ಆರ್ಥಿಕ ವಿಷಯಗಳನ್ನು ಚರ್ಚಿಸುತ್ತಿದ್ದರು. ಅದರ ವಾರ್ಷಿಕ ಸಭೆ ಕೆಲವೇ ದಿನಗಳದು. ಆದರೆ ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಇವುಗಳಿಗೆ ಒಂದೊಂದು ಸಮಿತಿಯಿದ್ದು, ಸಭೆ ಚದುರಿದ ಮೇಲೆಯೂ ಅವು ವರ್ಷವಿಡೀ ಕೆಲಸ ಮಾಡುತ್ತಿದ್ದವು. ೧೯೧೩ರಲ್ಲಿ ಮೈಸೂರು ಬ್ಯಾಂಕು ಹುಟ್ಟಿದುದೂ, ೧೯೧೫ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದೂ ಈ ಸಮಾಜದ ಚರ್ಚೆಗಳ ಫಲವಾಗಿಯೇ. ಬ್ಯಾಂಕು ಮತ್ತು ಸಾಹಿತ್ಯ ಪರಿಷತ್ತು, ಅಂದರೆ ಬಂಡವಾಳ ಮತ್ತು ಭಾಷೆ, ಒಂದೇ ವಾರ್ಷಿಕ ಸಭೆಯ ಸಂತಾನವೆಂಬುದು ಆಟದ ಉದ್ಯಮವನ್ನು ಕುರಿತು ಯೋಚಿಸುವವರು ಮನಸ್ಸಿನಲ್ಲಿಡಬೇಕಾದ ಸಂಗತಿ. ಗಾಫೆಕ್ಸ್ ಮೇಳದಲ್ಲಿ ಬಂಡವಾಳದ ಮಾತು ಸಾಕಷ್ಟು ಕೇಳಿಬರುತ್ತದೆ. ಭಾಷೆಯ ವಿಷಯಕ್ಕೂ ಅಂಥದೊಂದು ಸಮಿತಿ ಬೇಕಲ್ಲವೆ?

ಭಾಷೆಯ ಮಾತು ಭಾವಾವೇಶದ ಮಾತಲ್ಲ, ಅಪ್ಪಟ ಕಸುಬಿನ ಮಾತು. ಕನ್ನಡದಲ್ಲಿ ಓದಿ ಆಡಬಹುದಾದ ವಿಡಿಯೊ ಆಟಗಳು ವಿರಳ. ಬೇಡಿಕೆ ಕಡಮೆಯೆಂಬುದು ಇದಕ್ಕೊಂದು ಕಾರಣ. ಆದರೆ ಯಾಂತ್ರಿಕವಾದ ಕಾರಣವೂ ಒಂದುಂಟು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ನಿಂತರೆ ಸಾಕು. ಕನ್ನಡದಲ್ಲಿ ‘ಸ್ತ್ರೀ’ ಎಂದು ಬರೆಯಬೇಕಾದರೆ ಸಕಾರದ ಕೆಳಗೆ ತಕಾರದ ಒತ್ತೂ, ಅದರ ಬಳಿ ರಕಾರದ ಒತ್ತೂ, ಮೇಲೆ ದೀರ್ಘವೂ ತಮ್ಮತಮ್ಮ ಸ್ಥಾನದಲ್ಲಿ ಕೂಡಿಕೊಳ್ಳಬೇಕು. ಹೀಗೆ ಕೂಡಿಸುವ ಒಂದು ಪ್ರತ್ಯೇಕ ತಂತ್ರಾಂಶವು ಆಟ ಕಟ್ಟುವ ಸಲಕರಣೆಯೊಳಗೆ ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಬಹಳ ಜನ ಬಳಸುವ ‘ಯೂನಿಟಿ’ ಎಂಬ ಸಲಕರಣೆಯ ಅಕ್ಷರವ್ಯವಸ್ಥೆಯಲ್ಲಿ ಈ ಕೊರತೆ ಬಹುಕಾಲ ಇದ್ದಿತು. ಅದನ್ನು ಬಳಸುವವರು ಕನ್ನಡದ ಸಾಲುಗಳನ್ನು ಚಿತ್ರಗಳನ್ನಾಗಿ ಮಾಡಿ ಅಂಟಿಸುವ ಉಪಾಯವನ್ನು ಹೂಡಬೇಕಾಗುತ್ತಿದ್ದಿತು. ಉಚಿತವಾಗಿ ದೊರೆಯುವ ‘ಗೊಡೊ’ ಎಂಬ ಸಲಕರಣೆಯ ನಾಲ್ಕನೆಯ ಆವೃತ್ತಿ ೨೦೨೩ರಲ್ಲಿ ಬಂದಾಗ ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆ ಸೇರಿತು. ಇಂಥ ವಿಷಯಗಳು ಗೊತ್ತಿಲ್ಲದೆ ನಮ್ಮ ಹುಡುಗರು ವಾರಗಟ್ಟಲೆ ತಡಕಾಡಿ, ಕೊನೆಗೆ ಬೇಸತ್ತು ಇಂಗ್ಲಿಷಿನಲ್ಲಿಯೇ ಬರೆದು ಮುಗಿಸುತ್ತಾರೆ. ಹಜಾರದಲ್ಲಿ ನಿಂತು ಕೇಳುವ ಒಂದು ಪ್ರಶ್ನೆಯಿಂದ ಉಳಿಯುವ ಶ್ರಮವಿದು.

ವಸ್ತುವಿನ ವಿಷಯದಲ್ಲಿ ನಮಗೆ ಬಡತನವಿಲ್ಲ. ಚೌಕಾಬಾರ, ಅಳಗುಳಿಮಣೆ, ಹುಲಿಕುರಿಯಾಟಗಳು ಇಂದಿಗೂ ಹಳ್ಳಿಯ ಜಗುಲಿಗಳಿಂದ ಪೂರ್ತಿಯಾಗಿ ಮಾಯವಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಮಣೆಯಾಟಗಳನ್ನು ಕುರಿತದ್ದು, ಅರಸನೊಬ್ಬನು ಆಟಗಳ ವಿನ್ಯಾಸವನ್ನು ಶಾಸ್ತ್ರದ ಶ್ರದ್ಧೆಯಿಂದ ಕಂಡ ಅಪೂರ್ವ ಉದಾಹರಣೆಯದು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನಗಳನ್ನು ನಡೆಸಿರುವುದೂ ಉಲ್ಲೇಖಾರ್ಹ. ಆದರೆ ಹಳೆಯ ಮಣೆಯನ್ನು ಗಣಕದ ತೆರೆಯ ಮೇಲೆ ಇದ್ದಂತೆಯೇ ಮೂಡಿಸಿಬಿಟ್ಟರೆ ಅದು ವಿಡಿಯೊ ಆಟವಾಗುವುದಿಲ್ಲವೆಂದು ನಾವು ವಿದ್ಯಾರ್ಥಿಗಳಿಗೆ ಹೇಳಬಯಸುತ್ತೇವೆ. ಕವಡೆ ಬೀಳುವಾಗಿನ ಸದ್ದು, ಎದುರು ಕುಳಿತ ಅಜ್ಜಿಯ ಕುಚೋದ್ಯ, ಕಾಯಿ ಕಡಿಸಿಕೊಂಡವನ ಮುಖ ಇವೆಲ್ಲ ಹೋದ ಮೇಲೆ ಉಳಿಯುವುದೇನೆಂದು ಮೊದಲು ವಿಚಾರಿಸಬೇಕು. ಈ ವಿಚ್ಛೇದವನ್ನು ತುಂಬುವುದೇ ವಿನ್ಯಾಸಕಾರನ ಕೆಲಸ.

ನಮ್ಮ ಜಿಲ್ಲೆಯ ಕಾಲೇಜುಗಳಿಂದ ಬೆಂಗಳೂರಿನ ಮೇಳಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಕೆಲವು ಕಾರ್ಯಸಾಧ್ಯವಾದ ಸೂಚನೆಗಳನ್ನು ಕೊಡಬಹುದು. ಬರಿಗೈಯಲ್ಲಿ ಹೋದವನು ಮಳಿಗೆಗಳನ್ನು ನೋಡಿಕೊಂಡು ಕರಪತ್ರಗಳ ಕಟ್ಟಿನೊಡನೆ ಮರಳುವನು. ಐದು ನಿಮಿಷ ಆಡಬಹುದಾದ ಒಂದು ಚಿಕ್ಕ ಆಟವನ್ನು, ಅರೆಬರೆಯಾದರೂ ಸರಿ, ಕೈಯಲ್ಲಿ ಹಿಡಿದು ಹೋದವನಿಗೆ ಮಾತನಾಡಲು ಒಂದು ವಿಷಯವಿರುತ್ತದೆ; ಎದುರಿನವರೂ ತಪ್ಪನ್ನು ತೋರಿಸಿಕೊಡುತ್ತಾರೆ. ಉದ್ಯೋಗ ಸಂದರ್ಶನದ ಸಾಲಿನಲ್ಲಿ ದಿನವನ್ನು ಕಳೆಯುವುದಕ್ಕಿಂತ ಮೂರು ನಾಲ್ಕು ಚಿಕ್ಕ ತಂಡಗಳವರ ಪರಿಚಯ ಮಾಡಿಕೊಂಡು ಬಂದರೆ ಲಾಭ ಹೆಚ್ಚು. ವಿಜ್ಞಾನದ ವಿದ್ಯಾರ್ಥಿಗಳು ಮಾತ್ರವೇ ಹೋಗಬೇಕೆಂದಿಲ್ಲ. ಆಟಕ್ಕೆ ಕಥೆ ಬೇಕು, ಸಂಭಾಷಣೆ ಬೇಕು, ಸಂಗೀತ ಬೇಕು; ಕನ್ನಡ ಎಂ.ಎ. ತರಗತಿಯ ಒಬ್ಬನನ್ನೋ ಒಬ್ಬಳನ್ನೋ ಜೊತೆಗೆ ಕರೆದೊಯ್ಯದ ತಂಡಕ್ಕೆ ಮೊದಲ ಪುಟದಲ್ಲಿಯೇ ಕೊರತೆ ಕಾಣಿಸಿಕೊಳ್ಳುವುದು.

ಹೋಗುವ ಮೊದಲು ಕೈ ಪಳಗಿಸಲು ಒಂದು ಸುಲಭವಾದ ಅವಕಾಶವೂ ಇದೆ. ೨೦೦೯ರಿಂದ ಪ್ರತಿವರ್ಷ ಜನವರಿಯ ಕೊನೆಯ ಭಾಗದಲ್ಲಿ ‘ಗ್ಲೋಬಲ್ ಗೇಮ್ ಜಾಮ್’ ಎಂಬ ಕೂಟವು ಪ್ರಪಂಚದ ಅನೇಕ ನಗರಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ. ಅಂದು ಪ್ರಕಟವಾಗುವ ಒಂದೇ ವಿಷಯವನ್ನು ಹಿಡಿದು, ಪರಸ್ಪರ ಪರಿಚಯವಿಲ್ಲದವರೂ ತಂಡ ಕಟ್ಟಿಕೊಂಡು, ಎರಡು ಮೂರು ದಿನಗಳಲ್ಲಿ ಒಂದು ಆಟವನ್ನು ಮುಗಿಸಬೇಕು. ಸೋಲು ಗೆಲುವಿನ ಬಹುಮಾನಗಳಿಲ್ಲ. ಇದಕ್ಕೆ ಸ್ಥಳವೊದಗಿಸಲು ಯಾವ ಕಾಲೇಜಾದರೂ ಹೆಸರು ನೋಂದಾಯಿಸಬಹುದು. ಬೇಕಾದುದು ಗಣಕಯಂತ್ರಗಳಿರುವ ಒಂದು ಪ್ರಯೋಗಶಾಲೆ, ತಡೆಯಿಲ್ಲದ ವಿದ್ಯುತ್ತು, ರಾತ್ರಿಯ ಊಟದ ಏರ್ಪಾಟು, ಬಾಗಿಲು ತೆರೆದಿಡಲು ಒಪ್ಪುವ ಪ್ರಾಂಶುಪಾಲರು. ನೋಂದಣಿಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮಾಡಿಕೊಳ್ಳಬೇಕಾಗುವುದರಿಂದ, ದಸರೆಯ ರಜೆ ಮುಗಿದೊಡನೆ ವಿದ್ಯಾರ್ಥಿಗಳ ತಂಡಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.